ಸುದ್ದಿಚಿತ್ರ ಗ್ಯಾಲರಿಯ ಗೋಡೆಗೇರಿದಾಗ

ಕಂಬಳದ ಕನೆಹಲಗೆ ಓಟದ ಫೋಟೊ ಕರಾವಳಿಯಲ್ಲಿ ನೋಡದವರಿಲ್ಲ. ಜೋಡಿ ಕೋಣ, ಹಲಗೆಯ ಮೇಲೆ ನಿಂತ ಓಟಗಾರ, ಮೇಲೆ ಕಟ್ಟಿದ ನಿಶಾನೆ ಬಟ್ಟೆಯ ಎತ್ತರಕ್ಕೆ ಚಿಮ್ಮಿದ ಕೆಸರುನೀರು. ಮರುದಿನದ ಪತ್ರಿಕೆಯಲ್ಲಿ ಅದು ಸುದ್ದಿಚಿತ್ರ. ಯಾವ ಊರಿನ ಕಂಬಳ, ಯಾರ ಮನೆಯ ಕೋಣ, ನೀರು ಎಷ್ಟು ಕೋಲು (ಎತ್ತರದ ಅಳತೆ) ಹಾರಿತು ಎಂಬುದೆಲ್ಲ ಅಡಿಬರಹದಲ್ಲಿರುತ್ತದೆ. ಅದೇ ಚಿತ್ರ ಸಲೋನ್ (ಛಾಯಾಚಿತ್ರ ಪ್ರದರ್ಶನ) ಸ್ಪರ್ಧೆಗೆ ಹೋದರೆ ಊರು, ಮನೆ, ಕೋಲು ಎಲ್ಲ ಕಳಚಿಹೋಗಿ ನೀರಿನ ಆಕಾರವಷ್ಟೇ ಉಳಿಯುತ್ತದೆ. ಮಂಗಳೂರು, ಉಡುಪಿ ಕಡೆ ಪತ್ರಿಕೋದ್ಯಮ ಓದುತ್ತಿರುವ ನಮಗೆ, ಸುದ್ದಿಚಿತ್ರ ಕಲೆಯಾಗುವ ಬಗೆಯ ಈ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಸುದ್ದಿಚಿತ್ರಕ್ಕೆ ಕಲೆಯ ನಂಟು ಹೊಸದೇನಲ್ಲ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾದಂಥ ಪುಟ್ಟ ಕ್ಯಾಮೆರಾಗಳು ಛಾಯಾಗ್ರಾಹಕನನ್ನು ಸ್ಟ್ಯಾಂಡಿನಿಂದ ಬಿಡಿಸಿ ಬೀದಿಗಿಳಿಸಿದವು. ಆ ಕ್ಯಾಮೆರಾ ಹಿಡಿದವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಕಾರ್ತಿಯೆ-ಬ್ರೆಸ್ಸೋನ್‌ರದು. ಅವರು ಮೊದಲು ಕಲಿತದ್ದು ಚಿತ್ರಕಲೆ. 1947ರಲ್ಲಿ ಮ್ಯಾಗ್ನಮ್ ಎಂಬ ಛಾಯಾಗ್ರಾಹಕರ ಸಂಸ್ಥೆ ಕಟ್ಟಿದವರಲ್ಲಿ ಅವರೂ ಒಬ್ಬರು. ಅಂದರೆ ಆ ಮನೆಯ ಅಡಿಪಾಯದಲ್ಲೇ ಕುಂಚ ಹಿಡಿದ ಕೈಯೊಂದಿತ್ತು.

ಶೈಲಿಯ ಬದಲಾವಣೆ ಅರ್ಥವಾಗಲು ಭೋಪಾಲದ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 1984ರ ಅನಿಲ ದುರಂತದಲ್ಲಿ ಸತ್ತ ಮಗುವೊಂದನ್ನು ಮಣ್ಣು ಮಾಡುವಾಗ ರಘು ರೈ ಮತ್ತು ಪಾಬ್ಲೊ ಬಾರ್ತಲೋಮ್ಯು ಇಬ್ಬರೂ ಚಿತ್ರ ತೆಗೆದರು. ರೈ ಅವರದು ಕಪ್ಪು-ಬಿಳುಪು, ಬಾರ್ತಲೋಮ್ಯು ಅವರದು ಬಣ್ಣ. ಕಪ್ಪು-ಬಿಳುಪಿನಲ್ಲಿ ಮುಖವೂ ಮಣ್ಣೂ ಒಂದೇ ವಸ್ತುವಿನಿಂದ ಮಾಡಿದಂತೆ ಕಾಣುತ್ತವೆ. ಅದು ಭೋಪಾಲ ಎಂಬುದನ್ನು ದಾಟಿ ಎಲ್ಲ ಮಕ್ಕಳ ಸಾವಾಗಿಬಿಡುತ್ತದೆ. ಬಣ್ಣದಲ್ಲಿ ಮಣ್ಣು ಮಣ್ಣೇ, ಚರ್ಮ ಚರ್ಮವೇ, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಸುದ್ದಿಚಿತ್ರಗಳಿಗೆ ಕೊಡುವ ಅಂತರರಾಷ್ಟ್ರೀಯ ವರ್ಲ್ಡ್ ಪ್ರೆಸ್ ಫೋಟೊ ಪ್ರಶಸ್ತಿ ಆ ವರ್ಷ ಬಣ್ಣದ ಚಿತ್ರಕ್ಕೆ ಬಂತು, ಜನಮನದಲ್ಲಿ ಹೆಚ್ಚು ನಿಂತದ್ದು ಬಹುಶಃ ಕಪ್ಪು-ಬಿಳುಪಿನದು. ನನಗೆ ಇವತ್ತಿಗೂ ಬಣ್ಣದ್ದೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ, ಒಪ್ಪದವರು ವಾದಕ್ಕೆ ಬರಬಹುದು.

ಮೊದಲು ಟಿವಿ, ಆಮೇಲೆ ಮೊಬೈಲು ಬಂದು ‘ಮೊದಲು ತಲುಪುವ’ ಕೆಲಸವನ್ನು ಛಾಯಾಗ್ರಾಹಕರ ಕೈಯಿಂದ ಕಿತ್ತುಕೊಂಡವು. ಆಗ ಕೆಲವರು ಬೇಕೆಂದೇ ನಿಧಾನವಾದರು. ಫ್ರಾನ್ಸಿನ ಸುದ್ದಿ ಛಾಯಾಗ್ರಾಹಕ ಲುಕ್ ದಲಾಯೆ 2001ರಲ್ಲಿ ಅಫ್ಘಾನಿಸ್ತಾನದಲ್ಲಿ ಸತ್ತುಬಿದ್ದ ತಾಲಿಬಾನ್ ಸೈನಿಕನನ್ನು ತೆಗೆದ ಚಿತ್ರ ಎರಡು ಮೀಟರಿಗೂ ಮಿಕ್ಕಿ ಅಗಲದ ಪ್ರಿಂಟಾಗಿ ಗ್ಯಾಲರಿಯಲ್ಲಿ ತೂಗಿತು. 2004ರಲ್ಲಿ ಅವರು ಮ್ಯಾಗ್ನಮ್ ಬಿಟ್ಟು, ಇನ್ನು ತಾನು ಕಲಾವಿದ ಎಂದರು. ಎದುರು ದಿಕ್ಕಿನಿಂದಲೂ ಜನ ಬರುತ್ತಿದ್ದರು. ಅದೇ ಅಫ್ಘಾನಿಸ್ತಾನದಲ್ಲಿ 1980ರ ದಶಕದ ಯುದ್ಧದಲ್ಲಿ ಸತ್ತ ಸೋವಿಯತ್ ಸೈನಿಕರನ್ನು ಕೆನಡಾದ ಕಲಾವಿದ ಜೆಫ್ ವಾಲ್ 1992ರಲ್ಲಿ ನಟರನ್ನಿಟ್ಟು ಸ್ಟುಡಿಯೋದಲ್ಲೇ ‘ಸೃಷ್ಟಿಸಿದ್ದರು’. ಐರ್ಲೆಂಡಿನ ಛಾಯಾಗ್ರಾಹಕ ರಿಚರ್ಡ್ ಮೋಸ್ ಇನ್ನೊಂದು ಹೆಜ್ಜೆ ಮುಂದೆ. ಮರೆಮಾಚಿದ ನೆಲೆಗಳನ್ನು ಪತ್ತೆಹಚ್ಚಲು ಸೇನೆ ಬಳಸುತ್ತಿದ್ದ ಇನ್‌ಫ್ರಾರೆಡ್ ಫಿಲ್ಮಿನಲ್ಲಿ ಅವರು ಕಾಂಗೋದ ಯುದ್ಧಭೂಮಿಯನ್ನು ತೆಗೆದಾಗ ಕಾಡಿನ ಹಸಿರೆಲ್ಲ ಗುಲಾಬಿಯಾಯಿತು. ಆ ಕೆಲಸ 2013ರ ವೆನಿಸ್ ಬಿನಾಲೆ ಎಂಬ ಕಲಾಪ್ರದರ್ಶನಕ್ಕೆ ಹೋಯಿತು.

ಇಷ್ಟರವರೆಗೆ ನನಗೆ ತಕರಾರಿಲ್ಲ. ಸುಂದರವಾಗಿದ್ದ ಮಾತ್ರಕ್ಕೆ ಚಿತ್ರ ಸುಳ್ಳಾಗುವುದಿಲ್ಲ. ತೊಡಕು ಬೇರೆ ಕಡೆ ಇದೆ. 1997ರಲ್ಲಿ ಅಲ್ಜೀರಿಯದ ಬೆಂತಲ್ಹಾದಲ್ಲಿ ಹತ್ಯಾಕಾಂಡ ನಡೆದಾಗ, ಆಸ್ಪತ್ರೆಯ ಹೊರಗೆ ಗೋಡೆಗೊರಗಿ ರೋದಿಸುತ್ತಿದ್ದ ಹೆಂಗಸನ್ನು ಹೋಸಿನ್ ಎಂಬ ಎಎಫ್‌ಪಿ ಸುದ್ದಿಸಂಸ್ಥೆಯ ಛಾಯಾಗ್ರಾಹಕ ತೆಗೆದರು. ಜಗತ್ತಿನ ಪತ್ರಿಕೆಗಳು ಅದನ್ನು ‘ಬೆಂತಲ್ಹಾದ ಮಡೋನಾ’ (ಮಡೋನಾ ಎಂದರೆ ಯೇಸುವಿನ ತಾಯಿ ಮೇರಿ) ಎಂದು ಕರೆದವು. ಮುಸ್ಲಿಂ ಹೆಣ್ಣುಮಗಳ ದುಃಖವನ್ನು ಯುರೋಪಿನ ಚರ್ಚಿನ ಚಿತ್ರಗಳು ಮೊದಲೇ ಅಳತೆ ತೆಗೆದಿಟ್ಟಿದ್ದವು. ಎಂಟು ಮಕ್ಕಳನ್ನು ಕಳೆದುಕೊಂಡ ತಾಯಿ ಎಂದು ಸುದ್ದಿ ಹರಡಿತು. ಆಮೇಲೆ ತಿಳಿದದ್ದು, ಆಕೆ ಕಳೆದುಕೊಂಡದ್ದು ತನ್ನ ಮಕ್ಕಳನ್ನಲ್ಲ, ಒಡಹುಟ್ಟಿದವನ ಸಂಸಾರವನ್ನು. ಚಿತ್ರದಲ್ಲಿ ಸುಳ್ಳಿಲ್ಲ. ಆದರೆ ನೋಡುವ ಕಣ್ಣಿಗೆ ಮೇರಿಯ ರೂಪ ಮೊದಲೇ ಪರಿಚಯವಿದ್ದದ್ದರಿಂದ ಆಕೆ ತಾಯಿಯೇ ಆಗಿರಬೇಕೆಂದು ನಂಬುವುದು ಸಲೀಸಾಯಿತು. ಕಲೆಯ ಹೋಲಿಕೆ ಬಲವಾದಷ್ಟೂ ವಿವರಗಳು ಅದರ ಕಡೆಗೇ ವಾಲುತ್ತವೆ ಎಂಬುದನ್ನು ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಮರೆಯಬೇಡಿ.

ಇಟಲಿಯ ಛಾಯಾಗ್ರಾಹಕ ಟ್ರೊಯಿಲೊ ಅವರ 2015ರ ಪ್ರಕರಣವನ್ನೂ ಇದರ ಜೊತೆಗೇ ಓದಿಕೊಳ್ಳಿ. ಬೆಲ್ಜಿಯಂನ ಶಾರ್ಲರುವಾ ಪಟ್ಟಣದ ಮೇಲಿನ ಅವರ ಚಿತ್ರಮಾಲೆಗೆ ವರ್ಲ್ಡ್ ಪ್ರೆಸ್ ಫೋಟೊ ಬಹುಮಾನ ಕೊಟ್ಟು, ಆಮೇಲೆ ಹಿಂದಕ್ಕೆ ಪಡೆಯಿತು. ದೃಶ್ಯಗಳನ್ನು ಹೂಡಿ ತೆಗೆದರೆಂಬ ದೂರು ಮೊದಲು ಬಂದಿತ್ತು, ಆದರೆ ಆ ಕಾರಣಕ್ಕೆ ಬಹುಮಾನ ಕೈತಪ್ಪಲಿಲ್ಲ. ಒಂದು ಚಿತ್ರ ತೆಗೆದದ್ದು ಶಾರ್ಲರುವಾದಲ್ಲಲ್ಲ, ಬ್ರಸೆಲ್ಸ್‌ನಲ್ಲಿ ಎಂದು ಗೊತ್ತಾದ ಮೇಲೆ ಕೈತಪ್ಪಿತು. ಗ್ಯಾಲರಿಯಲ್ಲಾದರೆ ಊರಿನ ಹೆಸರು ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಸಲೋನ್‌ಗೆ ಕಳಿಸುವ ಹವ್ಯಾಸಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಫೋಟೊಗ್ರಾಫಿಕ್ ಸೊಸೈಟಿ ಆಫ್ ಅಮೆರಿಕದ ಫೋಟೊಜರ್ನಲಿಸಂ ವಿಭಾಗದ ನಿಯಮ ಇಲ್ಲಿ ಸ್ಪಷ್ಟವಾಗಿದೆ: ಚಿತ್ರದ ಅಂದಕ್ಕಿಂತ ಸುದ್ದಿಯ ಮೌಲ್ಯಕ್ಕೆ ಆದ್ಯತೆ, ಫೋಟೊಗಾಗಿಯೇ ಏರ್ಪಡಿಸಿದ ದೃಶ್ಯಕ್ಕೆ ಪ್ರವೇಶವಿಲ್ಲ. ಮಲ್ಪೆಯ ಬೆಳಗಿನ ಬಿಸಿಲಿನಲ್ಲಿ ಬಲೆ ಬೀಸಲು ದುಡ್ಡು ಕೊಟ್ಟು ನಿಲ್ಲಿಸಿದ ವ್ಯಕ್ತಿಯ ಚಿತ್ರ ಎಷ್ಟೇ ಚೆಂದವಿರಲಿ, ಈ ವಿಭಾಗದ್ದಲ್ಲ.

ಅಭ್ಯಾಸಕ್ಕೆ ಒಂದು ಕೆಲಸ. ಮಳೆಗಾಲದಲ್ಲಿ ಉಳ್ಳಾಲದ ಕಡೆ ಕಡಲ್ಕೊರೆತವಾದಾಗ ಎರಡು ಚಿತ್ರ ತೆಗೆಯಿರಿ. ಒಂದು, ಅಲೆ ಅಪ್ಪಳಿಸುವ ಹೊತ್ತಿನದು. ಇನ್ನೊಂದು, ಎಲ್ಲ ಮುಗಿದು ಎರಡು ದಿನವಾದ ಮೇಲೆ ಸ್ಟ್ಯಾಂಡ್ ಹಾಕಿ ನಿಧಾನವಾಗಿ ತೆಗೆದದ್ದು: ಬುಡ ಕಳೆದುಕೊಂಡ ತೆಂಗು, ಅರ್ಧ ಗೋಡೆ, ಕಡಲಿಗೆ ಹಾಕಿದ ಕಲ್ಲುಗಳು. ಮುರಿದ ಮನೆಯೆದುರು ಸೆರಗು ಹೊದ್ದು ನಿಂತ ಅಜ್ಜಿ ಸಿಕ್ಕರೆ ಕೈ ತಾನಾಗಿ ಕ್ಯಾಮೆರಾಕ್ಕೆ ಹೋಗುತ್ತದೆ. ತೆಗೆಯಿರಿ. ಆದರೆ ‘ಮನೆ ಕಳಕೊಂಡ ವೃದ್ಧೆ’ ಎಂದು ಬರೆಯುವ ಮೊದಲು “ಅಮ್ಮಾ, ಇದು ನಿಮ್ಮ ಮನೆಯಾ?” ಎಂದು ಕೇಳಿ. ನೋಡಲು ಬಂದ ಪಕ್ಕದ ಮನೆಯವರೂ ಆಗಿರಬಹುದು.