ಹಳೆಯ ಯುದ್ಧವಿಮಾನಗಳನ್ನು ಮೂತಿಯಿಂದ ಓದುವುದು: ಸಿಲಿಂಡರ್ ಲೆಕ್ಕದ ಟಿಪ್ಪಣಿ

ವಾಯುಪ್ರದರ್ಶನದಲ್ಲಿ ಸಾಲಾಗಿ ನಿಲ್ಲಿಸಿದ ಹಳೆಯ ಯುದ್ಧವಿಮಾನಗಳನ್ನು ಗುರುತಿಸಲು ಕಲಿಯುವಾಗ ಎಲ್ಲರೂ ಮೊದಲು ರೆಕ್ಕೆ, ಬಾಲ, ಬಣ್ಣಗಳನ್ನು ನೋಡುತ್ತಾರೆ. ಮೂತಿಯಿಂದ ಆರಂಭಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಎಂಜಿನ್ ಯಾವ ಬಗೆಯದು ಎಂದು ತಿಳಿದರೆ ವಿಮಾನದ ಆಕಾರ, ಸದ್ದು, ಹೊಗೆ, ಹೊರಡುವ ಮುನ್ನ ಸಿಬ್ಬಂದಿ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುವ ಕ್ರಮ, ಎಲ್ಲಕ್ಕೂ ಕಾರಣ ಸಿಗುತ್ತದೆ. ಈ ಟಿಪ್ಪಣಿ ಪಿಸ್ಟನ್ ಎಂಜಿನ್‌ಗಳಿಗೆ ಮಾತ್ರ ಸಂಬಂಧಿಸಿದ್ದು. ಜೆಟ್‌ಗಳನ್ನು ಇಲ್ಲಿ ಬಿಟ್ಟಿದ್ದೇನೆ.

ದುಂಡು ಮೂತಿ, ಚೂಪು ಮೂತಿ

ಮೂತಿ ಅಗಲವಾಗಿ, ದುಂಡಗೆ, ಮುಂದೆ ತೆರೆದುಕೊಂಡಿದ್ದರೆ ಒಳಗಿರುವುದು ಬಹುಮಟ್ಟಿಗೆ ಗಾಳಿಯಿಂದ ತಣಿಯುವ ರೇಡಿಯಲ್ ಎಂಜಿನ್. ಅದರ ಸಿಲಿಂಡರ್‌ಗಳು ನಡುವಿನ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ದಂಡ, ಚುಟುಕಾಗಿ ಕ್ರ್ಯಾಂಕ್) ಸುತ್ತ ನಕ್ಷತ್ರಾಕಾರದಲ್ಲಿ ನಿಂತಿರುತ್ತವೆ. ಹಾರ್ವರ್ಡ್ ತರಬೇತಿ ವಿಮಾನ, ಡಕೋಟಾ, ಬಿ-17, ಬಿ-25, ಕೋರ್ಸೇರ್, ಥಂಡರ್‌ಬೋಲ್ಟ್ ಈ ಗುಂಪಿನವು. ಮೂತಿ ಉದ್ದವಾಗಿ ಚೂಪಾಗಿದ್ದರೆ ದ್ರವದಿಂದ ತಣಿಯುವ ವಿ-12 ಎಂಜಿನ್ (ಆರಾರು ಸಿಲಿಂಡರ್‌ಗಳ ಎರಡು ಸಾಲು ವಿ ಆಕಾರದಲ್ಲಿ) ಇರಬಹುದು. ಆಗ ರೇಡಿಯೇಟರ್ ಎಲ್ಲಿದೆ ಎಂದು ಹುಡುಕಬೇಕು. ಸ್ಪಿಟ್‌ಫೈರ್‌ನಲ್ಲಿ ಅದು ರೆಕ್ಕೆಯ ಕೆಳಗಿದೆ, ಮಸ್ಟ್ಯಾಂಗ್‌ನಲ್ಲಿ ಹೊಟ್ಟೆಯ ಕೆಳಗೆ ಎದ್ದು ಕಾಣುತ್ತದೆ.

ಚೂಪು ಮೂತಿಯವುಗಳಲ್ಲಿ ಹೊಗೆಕೊಳವೆಗಳ ಸಾಲು ಮೂತಿಯ ಮೇಲ್ಭಾಗದಲ್ಲಿದ್ದರೆ ಎಂಜಿನ್ ನೆಟ್ಟಗಿದೆ ಎಂದರ್ಥ (ಸ್ಪಿಟ್‌ಫೈರ್, ಹರಿಕೇನ್, ಮಸ್ಟ್ಯಾಂಗ್). ಕೆಳಭಾಗದಲ್ಲಿದ್ದರೆ ಎಂಜಿನ್ ತಲೆಕೆಳಗಾಗಿದೆ (ಮೆಸ್ಸರ್‌ಶ್ಮಿಟ್ 109, ಸ್ಟೂಕಾ). ದೂರದಿಂದ ತೆಗೆದ ಫೋಟೋದಲ್ಲೂ ಈ ಗುರುತು ಕೆಲಸಕ್ಕೆ ಬರುತ್ತದೆ. ಎರಡು ಅಪವಾದಗಳನ್ನು ನೆನಪಿಡಿ. ಟೈಗರ್ ಮಾತ್‌ನ ಮೂತಿ ಕಿರಿದು, ಆದರೆ ಅದರ ನಾಲ್ಕು ಸಿಲಿಂಡರ್‌ಗಳ ತಲೆಕೆಳಗಾದ ಎಂಜಿನ್ ತಣಿಯುವುದು ಗಾಳಿಯಿಂದಲೇ. ಫಾಕೆ-ವುಲ್ಫ್ 190 ಡಿ ಮಾದರಿಯ ಮೂತಿ ದುಂಡಗಿದೆ, ಆದರೆ ಅದು ಮುಂದೆ ಕೂರಿಸಿದ ಬಳೆಯಾಕಾರದ ರೇಡಿಯೇಟರ್, ಹಿಂದಿರುವುದು ವಿ-12.

ಅಮೆರಿಕದ ಎಂಜಿನ್‌ಗಳ ಸಂಕೇತ ಸುಲಭ. ಆರ್ ಎಂದರೆ ರೇಡಿಯಲ್, ವಿ ಎಂದರೆ ವಿ ಆಕಾರ. ಮುಂದಿನ ಸಂಖ್ಯೆ ಘನ ಇಂಚಿನಲ್ಲಿ ಎಂಜಿನ್‌ನ ಒಟ್ಟು ಗಾತ್ರ. ಹಾರ್ವರ್ಡ್‌ನ ಆರ್-1340 ಸುಮಾರು 22 ಲೀಟರ್, ಡಕೋಟಾದ ಆರ್-1830 ಸುಮಾರು 30 ಲೀಟರ್, ಕೋರ್ಸೇರ್‌ನ ಆರ್-2800 ಸುಮಾರು 46 ಲೀಟರ್. ಮಸ್ಟ್ಯಾಂಗ್‌ನ ವಿ-1650 ಎಂಬುದು ಪ್ಯಾಕಾರ್ಡ್ ಕಂಪನಿ ತಯಾರಿಸಿದ 27 ಲೀಟರ್‌ನ ಮರ್ಲಿನ್, ಅಂದರೆ ರೋಲ್ಸ್-ರಾಯ್ಸ್ ವಿನ್ಯಾಸದ ಬ್ರಿಟಿಷ್ ಎಂಜಿನ್.

ಒಂದು ಸಾಲಿನಲ್ಲಿ ಏಕೆ ಯಾವಾಗಲೂ ಬೆಸ ಸಂಖ್ಯೆ?

ನಾನು ಬಹಳ ಹೊತ್ತು ನಿಂತದ್ದು ಈ ಜಾಗದಲ್ಲಿ, ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ. ರೇಡಿಯಲ್ ಎಂಜಿನ್‌ನ ಒಂದು ಸಾಲಿನಲ್ಲಿ 5, 7 ಅಥವಾ 9 ಸಿಲಿಂಡರ್‌ಗಳು ಇರುತ್ತವೆ. 6 ಅಥವಾ 8 ಇರುವುದಿಲ್ಲ. ನಾಲ್ಕು ಹೊಡೆತದ ಎಂಜಿನ್‌ಗೆ ಬೆಸ ಸಂಖ್ಯೆ ಬೇಕು ಎಂದು ಎಲ್ಲ ವಿವರಣೆಗಳೂ ಹೇಳುತ್ತವೆ. ಏಕೆ ಬೇಕು ಎಂಬಲ್ಲಿ ಒಂದು ಮೆಟ್ಟಿಲು ಹಾರಿಬಿಡುತ್ತವೆ.

ಮೊದಲು ಎರಡು ಸಂಗತಿಗಳು. ಒಂದು: ಪ್ರತಿ ಸಿಲಿಂಡರ್ ಹೀರಿಕೆ, ಒತ್ತುವಿಕೆ, ಉರಿತ, ಹೊರದೂಡಿಕೆ ಎಂಬ ನಾಲ್ಕು ಹೊಡೆತಗಳನ್ನು ಮುಗಿಸಲು ಕ್ರ್ಯಾಂಕ್ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗಬೇಕು. ಎರಡು: ಒಂದು ಸಾಲಿನ ಎಲ್ಲ ಪಿಸ್ಟನ್‌ಗಳೂ ಒಂದೇ ಕ್ರ್ಯಾಂಕ್‌ಪಿನ್‌ಗೆ (ಕ್ರ್ಯಾಂಕ್‌ನ ನಡುವಿನಿಂದ ಪಕ್ಕಕ್ಕೆ ಸರಿದ ಗೂಟ) ಜೋಡಣೆಯಾಗಿರುತ್ತವೆ. ಒಂದು ಪಿಸ್ಟನ್‌ನ ಮುಖ್ಯ ದಂಡ ನೇರವಾಗಿ ಪಿನ್‌ಗೆ ಸೇರುತ್ತದೆ, ಉಳಿದ ದಂಡಗಳು ಅದರ ತಲೆಗೆ ಸೇರುತ್ತವೆ. ಪಿನ್ ಸುತ್ತುತ್ತಾ ಯಾವ ಸಿಲಿಂಡರ್‌ನ ಕಡೆ ಮುಖಮಾಡುತ್ತದೋ ಆ ಪಿಸ್ಟನ್ ತುದಿಗೆ ಬಂದಿರುತ್ತದೆ.

ಈಗ ಕಾಗದದ ಮೇಲೆ ವೃತ್ತ ಬರೆದು 1ರಿಂದ 9ರವರೆಗೆ ಅಂಕಿಗಳನ್ನು ಸಮದೂರದಲ್ಲಿ ಇಡಿ. ಅಂತರ 40 ಡಿಗ್ರಿ. ಎರಡು ಸುತ್ತಿನಲ್ಲಿ 9 ಕಿಡಿ ಬೇಕು, ಹಾಗಾಗಿ ಕಿಡಿಗಳ ನಡುವಿನ ಅಂತರ 720 ಭಾಗಿಸು 9, ಅಂದರೆ 80 ಡಿಗ್ರಿ. 80 ಎಂದರೆ ಎರಡು ಮನೆ. 1 ಉರಿದ ಮೇಲೆ 3, ನಂತರ 5, 7, 9. ಇಲ್ಲಿಗೆ 320 ಡಿಗ್ರಿ ಆಯಿತು. ಇನ್ನೂ 80 ಸೇರಿಸಿದರೆ 400, ಅಂದರೆ ಒಂದು ಸುತ್ತು ಮುಗಿದು ಮೇಲೆ 40. ಅಲ್ಲಿರುವುದು 2. ಆಮೇಲೆ 4, 6, 8. ಮತ್ತೆ 720ಕ್ಕೆ ಸರಿಯಾಗಿ 1. ಕ್ರಮ 1-3-5-7-9-2-4-6-8.

ಹಾರಿಹೋಗುವ ಮೆಟ್ಟಿಲು ಇದು: ಮೊದಲ ಸುತ್ತಿನಲ್ಲಿ ಪಿನ್ 2ನೆಯ ಸಿಲಿಂಡರನ್ನು ಬಿಟ್ಟು ಜಿಗಿಯುವುದಿಲ್ಲ. 40 ಡಿಗ್ರಿಯಲ್ಲಿ 2ನೆಯ ಪಿಸ್ಟನ್ ಕೂಡ ತುದಿಗೆ ಬಂದೇ ಬರುತ್ತದೆ. ಆದರೆ ಆ ಬಾರಿ ಅದು ಉರಿದ ಅನಿಲವನ್ನು ಹೊರದೂಡಿ ಮುಗಿಸಿರುತ್ತದೆ, ಇನ್ನು ಹೊಸ ಗಾಳಿ, ಇಂಧನ ಹೀರಬೇಕು. ಉರಿಯಲು ಅದರಲ್ಲಿ ಏನೂ ಇಲ್ಲ. ಒಂದು ಸುತ್ತಿನ ನಂತರ, 400 ಡಿಗ್ರಿಯಲ್ಲಿ ಮತ್ತೆ ತುದಿಗೆ ಬಂದಾಗ ಹೀರಿದ್ದನ್ನು ಒತ್ತಿ ಮುಗಿಸಿರುತ್ತದೆ, ಆಗ ಕಿಡಿ. ಪ್ರತಿ ಪಿಸ್ಟನ್ ಎರಡು ಬಾರಿ ತುದಿಗೆ ಬರುತ್ತದೆ, ಒಂದು ಬಾರಿ ಮಾತ್ರ ಉರಿಯುತ್ತದೆ. ಬೆಸ ಸಂಖ್ಯೆ ಇದ್ದಾಗ "ಒಂದು ಬಿಟ್ಟು ಒಂದು" ಎಣಿಕೆ ಮೊದಲ ಸುತ್ತಿನ ಕೊನೆಯಲ್ಲಿ ತಾನಾಗಿಯೇ ಒಂದು ಮನೆ ಸರಿದು, ಉಳಿದವುಗಳ ಮೇಲೆ ಬೀಳುತ್ತದೆ.

ಎಂಟು ಸಿಲಿಂಡರ್ ಇಟ್ಟು ನೋಡಿ. ಅಂತರ 45 ಡಿಗ್ರಿ, ಕಿಡಿಗೆ 90. 1, 3, 5, 7 ಆದ ಮೇಲೆ 360 ಡಿಗ್ರಿಗೆ ಮತ್ತೆ 1ಕ್ಕೇ ಬರುತ್ತೇವೆ, ಆದರೆ ಅದು ಈಗ ಹೊಗೆ ದೂಡಿ ಮುಗಿಸಿದೆ. ಹಾಗಾಗಿ 405 ಡಿಗ್ರಿಯ 2ರವರೆಗೆ ಕಾಯಬೇಕು. 7ರಿಂದ 2ಕ್ಕೆ ಅಂತರ 135 ಡಿಗ್ರಿ. ಕೊನೆಗೆ 8ರಿಂದ 1ಕ್ಕೆ ಬರೀ 45. ಒಮ್ಮೆ ಉದ್ದ ಬಿಡುವು, ಒಮ್ಮೆ ಗಿಡ್ಡ ಬಿಡುವು. ತಿರುಗುವ ಬಲ ಸಮವಾಗಿ ಸಿಗುವುದಿಲ್ಲ. ಎರಡು ಹೊಡೆತದ ಎಂಜಿನ್‌ಗೆ ಈ ತೊಡಕಿಲ್ಲ, ಅಲ್ಲಿ ಪ್ರತಿ ಸುತ್ತಿಗೂ ಕಿಡಿ ಇರುತ್ತದೆ.

ಹಾಗಾದರೆ ಡಕೋಟಾದ 14?

ಬೆಸ ನಿಯಮ ಕಲಿತವರ ಮುಂದಿನ ಪ್ರಶ್ನೆ ಇದೇ. ಡಕೋಟಾದ ಎಂಜಿನ್‌ನಲ್ಲಿ 14 ಸಿಲಿಂಡರ್‌ಗಳಿವೆ, ಕೋರ್ಸೇರ್‌ನದರಲ್ಲಿ 18. ಎರಡೂ ಸಮ ಸಂಖ್ಯೆ. ಉತ್ತರ: 14 ಎಂದರೆ ಏಳರ ಎರಡು ಸಾಲು, 18 ಎಂದರೆ ಒಂಬತ್ತರ ಎರಡು ಸಾಲು. ನಿಯಮ ಅನ್ವಯಿಸುವುದು ಸಾಲಿಗೆ, ಒಟ್ಟು ಸಂಖ್ಯೆಗಲ್ಲ. ನಾಲ್ಕು ಸಾಲುಗಳಲ್ಲಿ ಏಳೇಳರಂತೆ 28 ಸಿಲಿಂಡರ್‌ಗಳಿದ್ದ ಆರ್-4360 ಎಂಜಿನ್ ಕೂಡ ಹೀಗೆಯೇ. ಮುಂದಿನ ಸಾಲಿನ ಸಂದುಗಳ ನೇರಕ್ಕೆ ಹಿಂದಿನ ಸಾಲಿನ ಸಿಲಿಂಡರ್‌ಗಳು ನಿಂತಿರುತ್ತವೆ. ಇಲ್ಲದಿದ್ದರೆ ಅವುಗಳಿಗೆ ತಂಪು ಗಾಳಿ ತಲುಪದು.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಅಡ್ಡದಾರಿ ಇದೆ. 14 ಸಿಲಿಂಡರ್‌ಗಳ ಉರಿಯುವ ಕ್ರಮ ನೆನಪಿಡಲು "9 ಕೂಡಿಸು, ಆಗದಿದ್ದರೆ 5 ಕಳೆ" ಎಂದರೆ ಸಾಕು. 1, 10, 5, 14, 9, 4, 13, 8, 3, 12, 7, 2, 11, 6. ಹದಿನಾಲ್ಕನ್ನು ಮೀರುವಂತಿದ್ದರೆ ಮಾತ್ರ 5 ಕಳೆಯುವುದು. ಬೆಸ ಅಂಕಿಗಳು ಹಿಂದಿನ ಸಾಲು, ಸಮ ಅಂಕಿಗಳು ಮುಂದಿನ ಸಾಲು; ಒಂದಾದ ಮೇಲೊಂದು ಸಾಲು ಉರಿಯುವುದನ್ನು ಗಮನಿಸಿ. 18ಕ್ಕೆ "11 ಕೂಡಿಸು, 7 ಕಳೆ".

ಇದನ್ನು ಬಾಯಿಪಾಠ ಮಾಡುವುದಕ್ಕಿಂತ ಬಿಡಿಸಿ ನೋಡುವುದು ಚೆನ್ನ. 18 ಸಿಲಿಂಡರ್‌ಗಳಲ್ಲಿ ಎರಡೂ ಸಾಲುಗಳನ್ನು ಸೇರಿಸಿ ಎಣಿಸಿದರೆ ಅಕ್ಕಪಕ್ಕದ ಅಂಕಿಗಳ ಅಂತರ 20 ಡಿಗ್ರಿ. ಕಿಡಿಗಳ ಅಂತರ 720 ಭಾಗಿಸು 18, ಅಂದರೆ 40 ಡಿಗ್ರಿ. ಆದರೆ ಮುಂದಿನ ಕಿಡಿ ಇನ್ನೊಂದು ಸಾಲಿಗೆ ಹೋಗಬೇಕು. ಎರಡು ಸಾಲುಗಳ ಕ್ರ್ಯಾಂಕ್‌ಪಿನ್‌ಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿ, 180 ಡಿಗ್ರಿ ಅಂತರದಲ್ಲಿವೆ. 40 ಮತ್ತು 180 ಸೇರಿ 220. ಅದನ್ನು 20ರಿಂದ ಭಾಗಿಸಿದರೆ 11! 14ಕ್ಕೂ ಇದೇ ದಾರಿ: 51.4 ಮತ್ತು 180 ಸೇರಿ 231.4, ಅದನ್ನು 25.7ರಿಂದ ಭಾಗಿಸಿದರೆ 9. ಕಳೆಯುವ ಸಂಖ್ಯೆ ಅದೇ ವೃತ್ತವನ್ನು ಇನ್ನೊಂದು ಕಡೆಯಿಂದ ಎಣಿಸಿದ್ದು. ಈ ಲೆಕ್ಕ ಒಮ್ಮೆ ಕೈಯಿಂದ ಮಾಡಿದವರಿಗೆ ಆ ಎಂಜಿನ್ ಮತ್ತೆಂದೂ ಬರೀ ಲೋಹದ ಗುಡ್ಡೆಯಾಗಿ ಕಾಣುವುದಿಲ್ಲ.

ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುವುದು

ರೇಡಿಯಲ್ ಎಂಜಿನ್ ನಿಂತ ಮೇಲೆ ಎಣ್ಣೆ ನಿಧಾನವಾಗಿ ಕೆಳಗಿನ ಸಿಲಿಂಡರ್‌ಗಳಿಗೆ ಇಳಿದು ಸೇರುತ್ತದೆ. ಗಾಳಿಯನ್ನು ಒತ್ತಬಹುದು, ಎಣ್ಣೆಯನ್ನು ಒತ್ತಲಾಗದು. ಆ ಸ್ಥಿತಿಯಲ್ಲಿ ಸ್ಟಾರ್ಟರ್ ಹಾಕಿದರೆ ಪಿಸ್ಟನ್‌ನ ದಂಡ ಬಾಗಬಹುದು. ಅದಕ್ಕಾಗಿ ಮ್ಯಾಗ್ನೆಟೊ (ಕಿಡಿಗೆ ವಿದ್ಯುತ್ ಕೊಡುವ ಸಾಧನ) ಬಂದ್ ಇರುವುದನ್ನು ಖಚಿತಪಡಿಸಿಕೊಂಡು, ಸಿಬ್ಬಂದಿ ಅಲಗುಗಳನ್ನು ಒಂದೊಂದಾಗಿ ತಿರುಗಿಸುತ್ತಾರೆ. ಅಲಗು ಗಟ್ಟಿಯಾಗಿ ನಿಂತರೆ ಬಲ ಹಾಕಬಾರದು, ಹಿಂದಕ್ಕೂ ತಿರುಗಿಸಬಾರದು. ಹಿಂದಕ್ಕೆ ತಿರುಗಿಸಿದರೆ ಎಣ್ಣೆ ಹೀರುಕೊಳವೆಗೆ ಹೋಗಿ, ಎಂಜಿನ್ ಹೊರಟಾಗ ಮರಳಿ ಬರುತ್ತದೆ. ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಎಣ್ಣೆ ಬಸಿಯುವುದೇ ಸರಿಯಾದ ಕ್ರಮ.

ಎಷ್ಟು ಅಲಗು ತಿರುಗಿಸಬೇಕು? ಮೇಲಿನ ಲೆಕ್ಕವೇ ಇಲ್ಲೂ ಬರುತ್ತದೆ: ಪ್ರತಿ ಸಿಲಿಂಡರ್ ಒಮ್ಮೆ ಒತ್ತುವ ಹೊಡೆತ ದಾಟಲು ಕ್ರ್ಯಾಂಕ್ ಎರಡು ಸುತ್ತು ಬೇಕು. ಹಾರ್ವರ್ಡ್‌ನಲ್ಲಿ ಪ್ರೊಪೆಲ್ಲರ್ ನೇರ ಕ್ರ್ಯಾಂಕ್‌ಗೆ ಸೇರಿದೆ, ಅಲಗು ಎರಡು. ಆದ್ದರಿಂದ ಕನಿಷ್ಠ ನಾಲ್ಕು. ಡಕೋಟಾದಲ್ಲಿ ನಡುವೆ 16ಕ್ಕೆ 9ರ ಗಿಯರ್ ಇದೆ, ಅಲಗು ಮೂರು. ಎರಡು ಸುತ್ತಿಗೆ ಪ್ರೊಪೆಲ್ಲರ್ ತಿರುಗುವುದು 1.125 ಸುತ್ತು, ಅಂದರೆ ಮೂರಕ್ಕಿಂತ ತುಸು ಹೆಚ್ಚು ಅಲಗು, ಹಾಗಾಗಿ ಇಲ್ಲೂ ನಾಲ್ಕು. ಇದು ಅರ್ಥವಾಗಲು ಹಾಕಿದ ಲೆಕ್ಕ ಮಾತ್ರ. ವಿಮಾನದ ಕೈಪಿಡಿ ಹೇಳುವ ಸಂಖ್ಯೆಯೇ ಅಂತಿಮ, ನೋಡಲು ಹೋದವರು ಅಲಗನ್ನು ಮುಟ್ಟಲೇಬಾರದು. ಎಂಜಿನ್ ಹೊತ್ತಿಕೊಂಡಾಗ ಬರುವ ದಟ್ಟ ಹೊಗೆ, ಉಳಿದ ಆ ಎಣ್ಣೆ ಉರಿಯುವುದರಿಂದ.

ಹಾರ್ವರ್ಡ್‌ನ ಕಿವಿಗಡಚಿಕ್ಕುವ ಸದ್ದಿಗೂ ಗಿಯರ್ ಇಲ್ಲದಿರುವುದೇ ಕಾರಣ. ಪ್ರೊಪೆಲ್ಲರ್‌ನ ಅಡ್ಡಳತೆ ಸುಮಾರು 2.74 ಮೀಟರ್, ಮೇಲೇರುವಾಗ ನಿಮಿಷಕ್ಕೆ 2250 ಸುತ್ತು. ಅಲಗಿನ ತುದಿಯ ವೇಗ ಸೆಕೆಂಡಿಗೆ ಸುಮಾರು 323 ಮೀಟರ್. ವಿಮಾನದ ಮುನ್ನಡೆಯೂ ಸೇರಿದರೆ ಇನ್ನಷ್ಟು. ಶಬ್ದದ ವೇಗ ಸುಮಾರು 340. ಆ ಕಿರುಚು ಎಂಜಿನ್‌ನದಲ್ಲ, ಅಲಗಿನ ತುದಿಯದು.

ಉಳಿದ ಗುರುತುಗಳು, ಚುಟುಕಾಗಿ

1936ರಲ್ಲಿ ಮೊದಲು ಹಾರಿದ ಸ್ಪಿಟ್‌ಫೈರ್‌ನ ಚಕ್ರಗಳು ಹೊರಕ್ಕೆ ಮಡಚುತ್ತವೆ, ಆದ್ದರಿಂದ ನಿಂತಾಗ ಒತ್ತಾಗಿರುತ್ತವೆ. 1935ರ ಹರಿಕೇನ್‌ನವು ಒಳಕ್ಕೆ ಮಡಚುತ್ತವೆ, ನಿಲುವು ಅಗಲ. ರೆಕ್ಕೆ, ಒಡಲಿನ ಮೇಲಿನ ಕಪ್ಪು ಬಿಳಿ ಪಟ್ಟೆಗಳು 1944ರ ನಾರ್ಮಂಡಿ ದಾಳಿಯ ಹೊತ್ತಿನವು. ಆದರೆ ಬಣ್ಣವನ್ನು ಪೂರ್ತಿ ನಂಬಬೇಡಿ. ಮರುನಿರ್ಮಿಸಿದ ವಿಮಾನಕ್ಕೆ ಬೇರೊಂದು ವಿಮಾನದ ಗುರುತು ಬಳಿಯುವುದು ಸಾಮಾನ್ಯ.

ಮೊದಲ ಮಹಾಯುದ್ಧದ ಸಾಪ್‌ವಿತ್ ಕ್ಯಾಮಲ್‌ನಂಥವುಗಳ ಎಂಜಿನ್ ನೋಡಲು ರೇಡಿಯಲ್‌ನಂತೆಯೇ ಇದ್ದರೂ ಅದು ರೋಟರಿ: ಕ್ರ್ಯಾಂಕ್ ವಿಮಾನಕ್ಕೆ ಬಿಗಿಯಾಗಿರುತ್ತದೆ, ಸಿಲಿಂಡರ್‌ಗಳೇ ಪ್ರೊಪೆಲ್ಲರ್ ಜೊತೆ ಸುತ್ತುತ್ತವೆ. ಬೆಸ ಸಂಖ್ಯೆಯ ನಿಯಮ ಅಲ್ಲಿಯೂ ಹಾಗೆಯೇ ನಿಲ್ಲುತ್ತದೆ.

ಸ್ಪಿಟ್‌ಫೈರ್‌ನಲ್ಲಿ ಮರ್ಲಿನ್ ಇದೆಯೋ ಅದಕ್ಕಿಂತ ದೊಡ್ಡದಾದ, 36.7 ಲೀಟರ್‌ನ ಗ್ರಿಫನ್ ಇದೆಯೋ ಎಂದು ನಿಂತ ವಿಮಾನದಲ್ಲೇ ಹೇಳಬಹುದು. ಎರಡೂ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಎದುರು ನಿಂತು ಮೇಲ್ಮುಖವಾಗಿರುವ ಅಲಗನ್ನು ನೋಡಿ. ಅದರ ದಪ್ಪ, ದುಂಡನೆಯ ಅಂಚು ಗಾಳಿಯನ್ನು ಸೀಳುವ ಮುಂಚೂಣಿ. ಆ ಅಂಚು ನಿಮ್ಮ ಎಡಕ್ಕಿದ್ದರೆ ಮರ್ಲಿನ್, ಬಲಕ್ಕಿದ್ದರೆ ಗ್ರಿಫನ್. ಮರ್ಲಿನ್ ವಿಮಾನ ಮೇಲೇರುವಾಗ ಎಡಕ್ಕೆ ಎಳೆಯುತ್ತದೆ, ಗ್ರಿಫನ್ ಬಲಕ್ಕೆ. ಒಂದರಿಂದ ಇನ್ನೊಂದಕ್ಕೆ ಬದಲಾಗುವ ಪೈಲಟ್ ಕಾಲಿನ ಅಭ್ಯಾಸವನ್ನೇ ತಿರುಗಿಸಿಕೊಳ್ಳಬೇಕು. ಒಂದರ ಹಿಂದೆ ಒಂದರಂತೆ ಎದುರುಬದುರು ತಿರುಗುವ ಜೋಡಿ ಪ್ರೊಪೆಲ್ಲರ್ ಇರುವ ಗ್ರಿಫನ್ ಮಾದರಿಗಳಲ್ಲಿ ಈ ಎಳೆತ ಬಹುಮಟ್ಟಿಗೆ ಇಲ್ಲವಾಗುತ್ತದೆ.