‘ಸಾರಿ ಗೆಲಿನ್’ ಹಾಡಿನಲ್ಲಿ ಅಜ್ಜಿ ಸಾಯಲಿ ಅಂತ ಯಾಕಿದೆ?

ಪ್ರಶ್ನೆ: ಟರ್ಕಿಯ ‘ಸಾರಿ ಗೆಲಿನ್’ ಹಾಡು ಕೇಳಿದಾಗೆಲ್ಲ ಕಣ್ಣು ತುಂಬುತ್ತದೆ. ಅರ್ಥ ಹುಡುಕಿದರೆ ‘ನಿನ್ನ ಅಜ್ಜಿ ಸಾಯಲಿ, ಹಳದಿ ಮದುಮಗಳೇ’ ಅಂತ ಬಂತು. ಇದೇನು, ಶಾಪವಾ?

ಶಾಪ ಅಲ್ಲ, ಮರುಕ. ಮಕ್ಕಳ ಸಂಕಟ ನೋಡಲಾಗದೆ ಅಲ್ಲಿನ ತಾಯಂದಿರು ‘ನಿನ್ನಮ್ಮ ಸಾಯಲಿ’ ಅಂತ ತಮಗೆ ತಾವೇ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಅಜ್ಜಿ ಕೆನ್ನೆ ಸವರಿ, ನೆಟಿಗೆ ಮುರಿದು, ‘ನಿನ್ನ ಕಷ್ಟ ಎಲ್ಲ ನನಗೇ ಬರಲಿ ಮಗಾ’ ಅನ್ನುವುದಿಲ್ಲವಾ, ಹಾಗೆ.

ಇನ್ನು ‘ಗೆಲಿನ್’. ಮದುಮಗಳಿಗೂ ಸೊಸೆಗೂ ಇದೊಂದೇ ಪದ. ‘ಗೆಲ್’ ಅಂದರೆ ಬಾ. ಗೆಲಿನ್ ಅಂದರೆ ಮನೆಗೆ ಬರುವವಳು. ಹಾಡಿನ ಉದ್ದಕ್ಕೂ ಅವಳನ್ನು ಪ್ರೀತಿಸುವ ಹುಡುಗ ಹಾಗೇ ಕರೆಯುತ್ತಾನೆ, ಆದರೆ ಅವಳು ಬರುವುದೇ ಇಲ್ಲ. ನನಗಂತೂ ಇಡೀ ಹಾಡಿನ ನೋವು ಈ ಒಂದು ಪದದಲ್ಲೇ ಇದೆ ಅನ್ನಿಸುತ್ತದೆ.

‘ಸಾರಿ’ ಅಂದರೆ ಟರ್ಕಿಶ್‌ನಲ್ಲಿ ಹಳದಿ, ಅಂದರೆ ಹೊಂಗೂದಲಿನ ಹುಡುಗಿ. ಅರ್ಮೇನಿಯನ್ನರೂ ಇದೇ ಧಾಟಿಯಲ್ಲಿ ಹಾಡುತ್ತಾರೆ, ಅವರ ಭಾಷೆಯಲ್ಲಿ ‘ಸಾರ್’ ಅಂದರೆ ಬೆಟ್ಟ, ಹಾಗಾಗಿ ಅಲ್ಲಿ ಅವಳು ಬೆಟ್ಟದ ಹುಡುಗಿ. ಅಜರ್‌ಬೈಜಾನಿನವರೂ ಇದು ನಮ್ಮದು ಅನ್ನುತ್ತಾರೆ. ಯಾರದ್ದು ಅನ್ನೋ ಜಗಳ ಇನ್ನೂ ಮುಗಿದಿಲ್ಲ.

ಟರ್ಕಿಯ ಹಾಡು ಶುರುವಾಗುವುದು ಪೂರ್ವದ ಎರ್ಜುರುಮ್ ಊರಿನ ಪೇಟೆಯಲ್ಲಿ. ಅಲ್ಲೊಬ್ಬಳು ಹುಡುಗಿ ಓಡಾಡುತ್ತಿದ್ದಾಳೆ, ಕೈಯಲ್ಲಿ ಶಾಯಿ ದೌತಿ ಮತ್ತು ‘ಕಲೆಮ್’, ಬರೆಯುತ್ತಿರುವುದು ಆ ಹುಡುಗನನ್ನು ಕೊಲ್ಲುವ ‘ಫೆರ್ಮಾನ್’. ಕಲಮು, ಫರ್ಮಾನು! ಎರಡೂ ನಮಗೆ ಗೊತ್ತಿರುವ ಪದಗಳೇ ಅಲ್ವಾ. ಅವಳು ಸುಮ್ನೆ ಪೇಟೆಯಲ್ಲಿ ನಡೆದು ಹೋದರೂ ಇವನಿಗೆ ಮರಣದಂಡನೆ.

ಅವರು ಯಾಕೆ ದೂರವಾದರು? ಹುಡುಗ ಮುಸ್ಲಿಂ, ಹುಡುಗಿ ಅರ್ಮೇನಿಯನ್ ಕ್ರೈಸ್ತಳು ಅಂತ ಜನ ಕಥೆ ಹೇಳುತ್ತಾರೆ. ಹಾಡಿನ ಸಾಲುಗಳಲ್ಲಿ ಆ ಮಾತೇ ಇಲ್ಲ. ಅಜರ್‌ಬೈಜಾನಿನವರು ಹಾಡುವ ರೂಪದಲ್ಲಿ ಇರುವುದು ಇಷ್ಟೇ: ‘ಇದೆಂಥ ಪ್ರೀತಿ, ನಿನ್ನನ್ನು ನನಗೆ ಕೊಡುವುದಿಲ್ಲವಂತೆ’. ಹೆಣ್ಣು ಕೊಡುವುದು ಅಂತ ನಾವು ಹೇಳುವ ಅದೇ ‘ಕೊಡು’. ಯಾರು ಕೊಡುವುದಿಲ್ಲ, ಅಪ್ಪನಾ, ಊರಾ, ಏನೂ ಹೇಳಿಲ್ಲ.

ಎರ್ಜುರುಮ್‌ನ ಹಾಡಿನಲ್ಲೂ ಆ ಕ್ರಿಯಾಪದ ಬರುತ್ತದೆ, ಆದರೆ ಹುಡುಗನ ಬಾಯಲ್ಲಿ. ಪಾಲಾಂಡೊಕೆನ್ ಬೆಟ್ಟ, ಅದರ ಬುಡದಲ್ಲಿ ನೇರಳೆ ಹೂವಿನ ತೋಟ, ಅದನ್ನು ನೋಡುತ್ತಾ ಅವನು ಹೇಳುತ್ತಾನೆ: ಈ ಜೀವ ಇರುವವರೆಗೂ ನಿನ್ನನ್ನು ಪರರಿಗೆ ಕೊಡುವುದಿಲ್ಲ. ಅವಳನ್ನು ಕೊಡುವುದಾಗಲಿ ಬಿಡುವುದಾಗಲಿ ಅವನ ಕೈಯಲ್ಲಿ ಯಾವತ್ತೂ ಇರಲೇ ಇಲ್ಲ.