ಹೆಸರು ಮರೆಸಿದರೂ ಲೆಕ್ಕ ಹೇಳಿಬಿಡುತ್ತದೆ

ಬುಲೆಟಿನ್ ಬೋರ್ಡ್, ಅಂದರೆ ಸದಸ್ಯರು ಸೇರಿ ಚರ್ಚೆ ಮಾಡುವ ಸೈಟು, ನಡೆಸುವವರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. 'ಇಂಥವರ ಹೆಸರು ಆನ್‌ಲೈನ್ ಪಟ್ಟಿಯಲ್ಲಿ ಬರಬಾರದು, ಏನು ಮಾಡೋದು?' ಕೇಳುವವರಿಗೆ ಅದು ಒಂದು ಟಿಕ್ ಹಾಕುವ ಕೆಲಸ. ಆ ಟಿಕ್ ಎಲ್ಲಿದೆ ಎಂದು ತೋರಿಸಿ ಕಳಿಸಿಬಿಡಬಹುದು. ಆದರೆ ಸ್ವಲ್ಪ ದಿನಕ್ಕೆ ಅವರೇ ತಿರುಗಿ ಬರುತ್ತಾರೆ: 'ಹೆಸರೇನೋ ಕಾಣ್ತಿಲ್ಲ, ಆದ್ರೂ ನಾನು ಬಂದಿದ್ದೀನಿ ಅಂತ ಎಲ್ಲರಿಗೂ ಗೊತ್ತಾಗ್ತಿದೆಯಲ್ಲ!'

ಗೊತ್ತಾಗದೆ ಇನ್ನೇನು? ಆ ಟಿಕ್ ಮರೆಸುವುದು ಹೆಸರನ್ನು ಮಾತ್ರ. ನೀವು ಬಂದಿದ್ದೀರಿ ಎಂದು ಹೇಳುವ ಜಾಗಗಳು ಬೋರ್ಡಿನಲ್ಲಿ ಇನ್ನೂ ಎಷ್ಟೋ ಇವೆ.

ಮೊದಲು ಪಟ್ಟಿ ಹೇಗೆ ತಯಾರಾಗುತ್ತದೆ ನೋಡೋಣ. ವೆಬ್ ಬೋರ್ಡಿನಲ್ಲಿ 'ಆನ್‌ಲೈನ್' ಎನ್ನುವುದು ನಿಜವಾಗಿ ಒಂದು ಅಂದಾಜು. ನಿಮ್ಮ ಬ್ರೌಸರ್ ಒಂದು ಪುಟ ಕೇಳುತ್ತದೆ, ಸರ್ವರ್ ಕೊಡುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯಿತು. ನೀವು ಪುಟ ಓದುತ್ತಿದ್ದೀರೋ, ಎದ್ದು ಹೋಗಿದ್ದೀರೋ ಸರ್ವರ್‌ಗೆ ತಿಳಿಯುವುದಿಲ್ಲ. ಅದು ಸೆಷನ್ ಟೇಬಲ್‌ನಲ್ಲಿ (ಪ್ರತಿಯೊಬ್ಬರ ಪ್ರತಿ ಭೇಟಿಯ, ಅಂದರೆ ಸೆಷನ್‌ನ, ದಾಖಲೆ ಇಡುವ ಜಾಗ) ನಿಮ್ಮ ಹೆಸರಿನ ಮುಂದೆ ಕೊನೆಯ ಸಲ ಪುಟ ಕೇಳಿದ ಸಮಯವನ್ನು ಬರೆದಿಟ್ಟುಕೊಳ್ಳುತ್ತದೆ, ಅಷ್ಟೇ. ಪಟ್ಟಿ ತೋರಿಸುವಾಗ, ಕಳೆದ ಇಂತಿಷ್ಟು ನಿಮಿಷದಲ್ಲಿ ಯಾರ ಸಮಯ ಬಿದ್ದಿದೆಯೋ ಅವರೆಲ್ಲ ಆನ್‌ಲೈನ್. ಬೋರ್ಡ್ ನಡೆಸುವ ಸಾಫ್ಟ್‌ವೇರ್‌ಗಳಲ್ಲಿ ಒಂದಾದ ಪಿಎಚ್‌ಪಿಬಿಬಿಯಲ್ಲಿ ಈ ಅವಧಿ ಮೊದಲಿಗೆ 5 ನಿಮಿಷ ಇರುತ್ತದೆ, ಅಡ್ಮಿನ್ ಬದಲಿಸಿಕೊಳ್ಳಬಹುದು. ಹಾಗಾಗಿ ನಾಲ್ಕು ನಿಮಿಷದ ಹಿಂದೆ ಬ್ರೌಸರ್ ಮುಚ್ಚಿ ಹೋದವರು ಪಟ್ಟಿಯಲ್ಲಿ ಇರುತ್ತಾರೆ. ಒಂದು ಉದ್ದದ ಚರ್ಚೆಯನ್ನು ಹತ್ತು ನಿಮಿಷದಿಂದ ಕೂತು ಓದುತ್ತಿರುವವರು ಇರುವುದಿಲ್ಲ.

ಫೋನ್ ಲೈನಿನ ಕಾಲದಲ್ಲಿ ಹೀಗಿರಲಿಲ್ಲ. ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸೂಸ್ 1978ರ ಫೆಬ್ರವರಿಯಲ್ಲಿ ಶಿಕಾಗೊದಲ್ಲಿ ಶುರು ಮಾಡಿದ, ಫೋನ್ ಮಾಡಿ ಒಳಗೆ ಹೋಗಬೇಕಾದ ಸಿಬಿಬಿಎಸ್ ಎಂಬ ಬೋರ್ಡಿಗೆ ಒಂದೇ ಲೈನ್. ಒಬ್ಬರು ಒಳಗಿದ್ದರೆ ಉಳಿದವರಿಗೆ ಎಂಗೇಜ್ ಟೋನ್. ಅಲ್ಲಿ ಆನ್‌ಲೈನ್ ಪಟ್ಟಿ ಯಾರಿಗೆ ಬೇಕು? ಇರುವವರು ನೀವೊಬ್ಬರೇ. ಮುಂದೆ ಹಲವು ಲೈನ್‌ಗಳ ಬೋರ್ಡುಗಳು ಬಂದ ಮೇಲೆ, ಯಾವ ಲೈನಿನಲ್ಲಿ ಯಾರಿದ್ದಾರೆ ಎಂದು ತೋರಿಸುವ ಪಟ್ಟಿ ಬಂತು. ಅದರ ಹಿಂದೆಯೇ ಅದರಿಂದ ತಪ್ಪಿಸಿಕೊಳ್ಳುವ ಆಸೆಯೂ ಬಂತು, ಅದರಲ್ಲೂ ಬೋರ್ಡ್ ನಡೆಸುವ ಸಿಸಾಪ್‌ಗೆ. ಪಾಪ, ಅವರು ಒಳಗೆ ಬಂದದ್ದು ಕಂಡರೆ ಸಾಕು, ಎಲ್ಲರೂ ಚಾಟ್‌ಗೆ ಕರೆಯುವವರೇ.

ಇನ್ನು ಮರೆಸುವ ವಿಧಾನ. ಬಹಳ ಜನ ಒಂದು ಕಡೆ ಎಡವುತ್ತಾರೆ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪಿಎಚ್‌ಪಿಬಿಬಿಯಲ್ಲಿ ಈ ಗುರುತು ಎರಡು ಕಡೆ ಇರುತ್ತದೆ. ಒಂದು ಸದಸ್ಯರ ಖಾತೆಯಲ್ಲಿ, ಇನ್ನೊಂದು ಅವರ ಸೆಷನ್‌ನಲ್ಲಿ. ಖಾತೆಯಲ್ಲಿ ಬದಲಾಯಿಸಿದ್ದು ಆಗಿಂದಾಗಲೇ ಜಾರಿಗೆ ಬರುವುದಿಲ್ಲ, ಮುಂದಿನ ಭೇಟಿಯಿಂದ ಬರುತ್ತದೆ. ಸೆಟ್ಟಿಂಗ್ ಪಕ್ಕದಲ್ಲೇ ಇದನ್ನು ಬರೆದಿರುತ್ತಾರೆ, ಯಾರೂ ಓದುವುದಿಲ್ಲ. ಟಿಕ್ ಹಾಕಿ ಪಟ್ಟಿ ನೋಡಿ, ಹೆಸರು ಇನ್ನೂ ಇದೆಯಲ್ಲ ಎಂದು ಗಾಬರಿಯಾಗುತ್ತಾರೆ. ಒಮ್ಮೆ ಲಾಗ್ಔಟ್ ಆಗಿ ಮತ್ತೆ ಬಂದರೆ ಸಾಕು. ಈ ಒಂದು ಸಲಕ್ಕೆ ಮಾತ್ರ ಮರೆಯಲ್ಲಿರಬೇಕು ಎನ್ನುವವರಿಗೆ ಲಾಗಿನ್ ಆಗುವ ಜಾಗದಲ್ಲೇ ಬೇರೆ ಟಿಕ್ ಇದೆ.

ಇದರ ಜೊತೆ ಎರಡು ಅನುಮತಿಗಳಿವೆ. ಮರೆಯಲ್ಲಿರಲು ಯಾರಿಗೆ ಬಿಡಬೇಕು ಎನ್ನುವುದು ಒಂದು. ಮರೆಯಲ್ಲಿರುವವರನ್ನು ಯಾರು ನೋಡಬಹುದು ಎನ್ನುವುದು ಇನ್ನೊಂದು. ಎರಡನೆಯದು ಇದ್ದವರಿಗೆ ಆ ಹೆಸರುಗಳು ಓರೆ ಅಕ್ಷರದಲ್ಲಿ ಕಾಣುತ್ತವೆ. ಅಡ್ಮಿನ್ ಮರೆಗೆ ಹೋಗಿ ತನ್ನ ಹೆಸರನ್ನು ತಾನೇ ನೋಡಿ 'ಕೆಲಸ ಮಾಡ್ತಿಲ್ಲ' ಎಂದು ದೂರುವುದು ಇದರಿಂದಲೇ. ಅಕ್ಷರ ಓರೆಯಾಗಿದೆಯಾ ನೋಡಿ ಅಂದರೆ ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಈಗ ನಿಜವಾದ ತೊಂದರೆಗೆ ಬರೋಣ. ಹೆಸರು ಹೋಯಿತು. ಪಟ್ಟಿಯ ಮೇಲೆ ಒಂದು ಸಾಲು ಉಳಿಯಿತು: 'ಒಟ್ಟು 4 ಜನ ಆನ್‌ಲೈನ್: 2 ಸದಸ್ಯರು, 1 ಮರೆಯಲ್ಲಿ, 1 ಅತಿಥಿ.' ಸಾವಿರಾರು ಜನ ಓಡಾಡುವ ಬೋರ್ಡಿನಲ್ಲಿ ಇದರಿಂದ ಏನೂ ಆಗುವುದಿಲ್ಲ. ಮೂವತ್ತು ಜನರ ಬೋರ್ಡಿನಲ್ಲಿ, ಅದೂ ನಡುರಾತ್ರಿಯಲ್ಲಿ, ಆ 'ಮರೆಯಲ್ಲಿ 1' ಯಾರೆಂದು ಎಲ್ಲರಿಗೂ ಗೊತ್ತು. ಮರೆಯಲ್ಲಿರುವ ಅಭ್ಯಾಸ ಇರುವುದು ಒಬ್ಬರಿಗೇ ಅಲ್ವಾ? ಹೆಸರು ಬರೆದಿದ್ದರೂ ಇಷ್ಟು ಕುತೂಹಲ ಹುಟ್ಟುತ್ತಿರಲಿಲ್ಲ.

ಹಾಗಾದರೆ ಲೆಕ್ಕದಿಂದಲೇ ತೆಗೆದುಹಾಕೋಣವೇ? ಅದೂ ಪೂರ್ತಿ ಸರಿಯಾಗುವುದಿಲ್ಲ. ಲಾಗಿನ್ ಆಗುವ ಮೊದಲು ನೀವು ಅತಿಥಿಯಾಗಿ ಎಣಿಕೆಯಲ್ಲಿ ಇರುತ್ತೀರಿ. ಲಾಗಿನ್ ಆದ ಕೂಡಲೇ ಅತಿಥಿಗಳಲ್ಲಿ ಒಂದು ಕಡಿಮೆಯಾಗುತ್ತದೆ, ಸದಸ್ಯರಲ್ಲಿ ಒಂದೂ ಜಾಸ್ತಿಯಾಗುವುದಿಲ್ಲ. ಪಟ್ಟಿಯ ಮೇಲೇ ಕಣ್ಣಿಟ್ಟವರಿಗೆ ಅಷ್ಟು ಸುಳಿವು ಸಾಕು. ನನಗೆ ಸರಿ ಅನಿಸುವುದು ಮೂರನೇ ದಾರಿ: ಮರೆಯಲ್ಲಿರುವವರನ್ನು ಅತಿಥಿಗಳ ಜೊತೆಗೇ ಎಣಿಸುವುದು. ಲಾಗಿನ್ ಆದರೂ ಅಂಕಿ ಅಲುಗಾಡುವುದಿಲ್ಲ, ಒಟ್ಟು ಲೆಕ್ಕವೂ ತಪ್ಪುವುದಿಲ್ಲ. ಆ ಅತಿಥಿ ದಾರಿ ತಪ್ಪಿ ಬಂದ ಯಾರಾದರೂ ಇರಬಹುದು. ಇದಕ್ಕೆ ಕೋಡಿನಲ್ಲಿ ಸ್ವಲ್ಪ ಕೈಯಾಡಿಸಬೇಕಾಗುತ್ತದೆ ನಿಜ. ಸಣ್ಣ ಬೋರ್ಡಿಗೆ ಅಷ್ಟು ಶ್ರಮ ತಕ್ಕದ್ದೇ.

ಎಣಿಕೆ ಸರಿಮಾಡಿ ಕೈತೊಳೆದುಕೊಳ್ಳುವ ಹಾಗಿಲ್ಲ. ಮುಖಪುಟದ ಪಟ್ಟಿ ಒಂದು. ಯಾರು ಯಾವ ಪುಟ ನೋಡುತ್ತಿದ್ದಾರೆ ಎನ್ನುವ ವಿವರವಾದ ಪಟ್ಟಿ ಬೇರೆ. ಪ್ರತಿ ವಿಭಾಗದ ಕೆಳಗೆ 'ಈ ವಿಭಾಗ ನೋಡುತ್ತಿರುವವರು' ಎನ್ನುವುದು ಮತ್ತೂ ಬೇರೆ. ಪೋಸ್ಟಿನ ಪಕ್ಕ ಹೆಸರಿನ ಹತ್ತಿರ ಹಸಿರು ಚುಕ್ಕಿ. ಪ್ರೊಫೈಲಿನಲ್ಲಿ 'ಕೊನೆಯ ಭೇಟಿ'. ಇವೆಲ್ಲ ಒಂದೇ ಕಡೆಯಿಂದ ಬರುವುದಿಲ್ಲ, ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳು (ಕ್ವೆರಿಗಳು) ಬೇರೆ ಬೇರೆ. ಬೇರೆಯವರು ಬರೆದ ಹೆಚ್ಚುವರಿ ಸಾಫ್ಟ್‌ವೇರ್ (ಆಡ್-ಆನ್) ಹಾಕಿಕೊಂಡಿದ್ದರೆ ಅದನ್ನು ಬರೆದವರು ಮರೆಯ ಗುರುತನ್ನು ನೋಡಿದ್ದಾರೋ ಇಲ್ಲವೋ, ಅದನ್ನೂ ಪರೀಕ್ಷಿಸಬೇಕು.

ಕೊನೆಯ ಭೇಟಿಯ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಸದಸ್ಯರ ಪಟ್ಟಿಯಲ್ಲಿ ಆ ಕಾಲಂ ಖಾಲಿ ಬಿಟ್ಟಿರುತ್ತಾರೆ, ಸರಿ. ಆದರೆ ಅದೇ ಕಾಲಂ ಮೇಲೆ ಕ್ಲಿಕ್ ಮಾಡಿ ಪಟ್ಟಿಯನ್ನು ಸಮಯದ ಪ್ರಕಾರ ಜೋಡಿಸಲು ಬಿಟ್ಟಿದ್ದರೆ? ಸಮಯ ಕಾಣದಿದ್ದರೂ ಮರೆಯಲ್ಲಿರುವವರ ಹೆಸರು ಸರಿಯಾದ ಜಾಗಕ್ಕೆ ಹೋಗಿ ಕೂರುತ್ತದೆ. ಮೇಲಿನವರು 9:40ಕ್ಕೆ ಬಂದಿದ್ದಾರೆ, ಕೆಳಗಿನವರು 9:32ಕ್ಕೆ. ನಡುವೆ ಇರುವವರು ಯಾವಾಗ ಬಂದರು ಎಂದು ಬೇರೆ ಹೇಳಬೇಕೇ?

ಇನ್ನೊಂದು ಕ್ಯಾಷ್, ಅಂದರೆ ಒಮ್ಮೆ ತಯಾರಿಸಿದ್ದನ್ನು ಮತ್ತೆ ಕೊಡಲು ಎತ್ತಿಡುವ ಜಾಗ. ಪಟ್ಟಿಯನ್ನು ಪ್ರತಿ ಸಲ ಲೆಕ್ಕ ಹಾಕಿದರೆ ಸರ್ವರ್‌ಗೆ ಭಾರ ಎಂದು ಕೆಲವರು ಅದನ್ನು ಒಂದು ನಿಮಿಷ ಕ್ಯಾಷ್‌ನಲ್ಲಿ ಇಡುತ್ತಾರೆ. ಆ ನಿಮಿಷದಲ್ಲಿ ಮೊದಲು ಪುಟ ತೆರೆದವರು ಅಡ್ಮಿನ್ ಆಗಿದ್ದರೆ, ಓರೆ ಅಕ್ಷರದ ಹೆಸರುಗಳ ಸಮೇತ ಪಟ್ಟಿ ತಯಾರಾಗುತ್ತದೆ. ಅದೇ ಪಟ್ಟಿ ಮುಂದಿನವರಿಗೆಲ್ಲ ಹೋಗುತ್ತದೆ. ಇದು ಒಮ್ಮೊಮ್ಮೆ ಮಾತ್ರ ಆಗುವುದರಿಂದ ಹುಡುಕುವುದು ಬಹಳ ಕಷ್ಟ. ಹೆಸರನ್ನು ಡೇಟಾಬೇಸ್‌ನಿಂದ ತರುವಾಗಲೇ ಬಿಡಬೇಕು, ಅನುಮತಿಗೆ ತಕ್ಕಂತೆ ಕ್ಯಾಷ್ ಬೇರೆ ಬೇರೆ ಇಡಬೇಕು. ಹೆಸರನ್ನು ಪುಟಕ್ಕೆ ಕಳಿಸಿ, ಪುಟದ ರೂಪ ಹೇಳುವ ಸ್ಟೈಲ್‌ಶೀಟ್‌ನಲ್ಲಿ ಕಾಣದಂತೆ ಮಾಡುವವರೂ ಇದ್ದಾರೆ. ಆದರೆ ಪುಟದ ಹಿಂದಿನ ಕೋಡ್ (ಸೋರ್ಸ್) ತೆರೆದು ನೋಡುವುದಕ್ಕೆ ಯಾವ ಅನುಮತಿಯೂ ಬೇಡ.

ಇಷ್ಟೆಲ್ಲ ಸರಿಮಾಡಿದ ಮೇಲೂ, ಮರೆಯಲ್ಲಿರುವವರು ಒಂದು ಉತ್ತರ ಬರೆದರೆ ಅದರ ಮೇಲೆ ಸಮಯ ಬೀಳುತ್ತದೆ. ಅದನ್ನು ಯಾವ ಸಾಫ್ಟ್‌ವೇರೂ ತಡೆಯಲಾರದು, ತಡೆಯಲೂ ಬಾರದು. ಚಾನಲ್‌ಗಳಲ್ಲಿ ಸೇರಿ ಚಾಟ್ ಮಾಡುವ ಹಳೆಯ ವ್ಯವಸ್ಥೆ ಐಆರ್‌ಸಿಯಲ್ಲೂ 'ಇನ್‌ವಿಸಿಬಲ್' ಮೋಡ್ ಇದೆ, ಅದರ ನಿಯಮಗಳನ್ನು ಬರೆದಿಟ್ಟ 1993ರ ದಾಖಲೆ ಆರ್‌ಎಫ್‌ಸಿ 1459ರಲ್ಲೇ ಅದರ ಹೆಸರಿದೆ. ಆದರೆ ನೀವಿರುವ ಚಾನಲ್‌ನಲ್ಲೇ ಇರುವವರಿಗೆ ನೀವು ಕಾಣುತ್ತಲೇ ಇರುತ್ತೀರಿ. ಹೊರಗಿನವರ ಹುಡುಕಾಟದಿಂದ ಮಾತ್ರ ಅದು ಕಾಪಾಡುತ್ತದೆ. ಯಾಹೂ ಮೆಸೆಂಜರ್ ಕಾಲದಲ್ಲಂತೂ ಮರೆಯಲ್ಲಿರುವವರನ್ನು ಪತ್ತೆ ಹಚ್ಚಿಕೊಡುತ್ತೇವೆ ಎನ್ನುವ ಸೈಟುಗಳೇ ಇದ್ದವು. ಜನರಿಗೆ ಅಷ್ಟು ಕಾತರ!

ಯಾರಿಗೆ ಈ ಸೌಲಭ್ಯ ಕೊಡಬೇಕು? ಎಲ್ಲ ಸದಸ್ಯರಿಗೂ ಎನ್ನುವುದು ನನ್ನ ಅಭಿಪ್ರಾಯ. ಬೆನ್ನು ಬೀಳುವವರಿಂದ ಒಬ್ಬರು ತಪ್ಪಿಸಿಕೊಳ್ಳಬೇಕಾದಾಗ, ಅಡ್ಮಿನ್‌ಗೆ ಅರ್ಜಿ ಹಾಕಿ ಕಾಯುವಂತಾಗಬಾರದು. ಎಲ್ಲರೂ ಆಗಾಗ ಮರೆಗೆ ಹೋಗುವ ಬೋರ್ಡಿನಲ್ಲಿ ಮರೆಯಲ್ಲಿರುವುದೇ ಅನುಮಾನಕ್ಕೆ ಕಾರಣವೂ ಆಗುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ನಿಮ್ಮ ಲಾಸ್ಟ್ ಸೀನ್ ಮುಚ್ಚಿಟ್ಟರೆ ಬೇರೆಯವರದ್ದೂ ನಿಮಗೆ ಕಾಣುವುದಿಲ್ಲ. ನೋಡುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಬೋರ್ಡಿಗೆ ಆ ನಿಯಮ ಬೇಡ ಅನ್ನುತ್ತೇನೆ, ಏಕೆಂದರೆ ತಪ್ಪಿಸಿಕೊಳ್ಳಬೇಕಾದವರಿಗೇ ಎದುರಿನವರು ಇದ್ದಾರೋ ಇಲ್ಲವೋ ತಿಳಿಯಬೇಕಾಗಿರುತ್ತದೆ.

ಮಾಡರೇಟರ್‌ಗಳದ್ದು ಸ್ವಲ್ಪ ಬೇರೆ. ಹೆಸರು ಕಂಡ ತಕ್ಷಣ ಖಾಸಗಿ ಸಂದೇಶಗಳು ಮುತ್ತಿಕೊಳ್ಳುತ್ತವೆ, ಕೆಲಸ ಮಾಡಲು ಬಿಡುವುದಿಲ್ಲ. ಮರೆಯಲ್ಲಿದ್ದು ಕೆಲಸ ಮುಗಿಸಲಿ, ತಪ್ಪೇನಿಲ್ಲ. ಆದರೆ ಎಲ್ಲ ಮಾಡರೇಟರ್‌ಗಳೂ ಯಾವಾಗಲೂ ಮರೆಯಲ್ಲೇ ಇದ್ದರೆ ಕೇಳುವವರೇ ಇಲ್ಲ ಎನ್ನುವ ಧೈರ್ಯ ತಂಟೆಕೋರರಿಗೆ ಬರುತ್ತದೆ. ಒಬ್ಬರಾದರೂ ಕಾಣುವಂತೆ ಇರಬೇಕು.

ತಾವಾಗಿಯೇ ಪುಟಗಳನ್ನು ಓದುತ್ತಾ ಹೋಗುವ ಸರ್ಚ್ ಎಂಜಿನ್‌ಗಳ ಬಾಟ್‌ಗಳನ್ನು (ಕ್ರಾಲರ್‌ಗಳನ್ನು) ಮಾತ್ರ ಸುಮ್ನೆ ತೆಗೆದುಬಿಡಿ. ಅವು ಪಟ್ಟಿಯಲ್ಲಿದ್ದು ಯಾರಿಗೂ ಉಪಯೋಗವಿಲ್ಲ. 'ಅತಿ ಹೆಚ್ಚು ಜನ ಒಟ್ಟಿಗೆ ಇದ್ದ ದಿನ' ಎಂದು ಹೆಮ್ಮೆಯಿಂದ ಹಾಕಿಕೊಂಡ ದಾಖಲೆ ಎಷ್ಟೋ ಸಲ ಕ್ರಾಲರ್‌ಗಳ ದಾಳಿಯ ದಿನವಾಗಿರುತ್ತದೆ.

ಸದಸ್ಯರಿಗೆ ಒಂದು ಮಾತು ಸ್ಪಷ್ಟವಾಗಿ ಬರೆದಿಡಿ: ಮರೆಯಲ್ಲಿದ್ದರೂ ಅಡ್ಮಿನ್‌ಗೆ ಕಾಣುತ್ತೀರಿ, ಸರ್ವರ್ ಲಾಗ್‌ನಲ್ಲಿ ಐಪಿ ವಿಳಾಸ ಎಂದಿನಂತೆ ದಾಖಲಾಗುತ್ತದೆ. ಟಿಕ್ ಪಕ್ಕದಲ್ಲೇ ಒಂದು ಸಾಲು ಸಾಕು.

ಎಲ್ಲ ಸರಿಯಾಗಿದೆಯೇ ನೋಡಲು ಅಡ್ಮಿನ್ ಖಾತೆ ಉಪಯೋಗಿಸಬೇಡಿ. ಯಾವ ವಿಶೇಷ ಅನುಮತಿಯೂ ಇಲ್ಲದ ಒಂದು ಪರೀಕ್ಷೆಯ ಖಾತೆ ಮಾಡಿಕೊಳ್ಳಿ. ಒಂದು ಬ್ರೌಸರ್‌ನಲ್ಲಿ ಮರೆಯಲ್ಲಿರುವ ಖಾತೆಯಿಂದ ಓಡಾಡಿ, ಇನ್ನೊಂದರಲ್ಲಿ ಪರೀಕ್ಷೆಯ ಖಾತೆಯಿಂದ, ಮೂರನೆಯದರಲ್ಲಿ ಅತಿಥಿಯಾಗಿ ನೋಡಿ. ಮುಖಪುಟ, ವಿಭಾಗದ ಅಡಿ, ಪ್ರೊಫೈಲ್, ಸದಸ್ಯರ ಪಟ್ಟಿ, ಎಲ್ಲ ತೆರೆಯಿರಿ. ಆಮೇಲೆ ಮರೆಯಲ್ಲಿರುವ ಖಾತೆಯನ್ನು ಲಾಗ್ಔಟ್ ಮಾಡಿ, ಮತ್ತೆ ಲಾಗಿನ್ ಆಗಿ, ಉಳಿದ ಎರಡು ಕಡೆ ಪುಟ ರಿಫ್ರೆಶ್ ಮಾಡುತ್ತಾ ಅಂಕಿಗಳು ಬದಲಾಗುತ್ತವೆಯೇ ಗಮನಿಸಿ.